ಎರಡು ಮನೆಗೆ ಒಂದು ಪಲ್ಯ

ಶಾಂತಕ್ಕ,

ನಿನ್ನ ನೆಗೆಣ್ಣಿ, ನಿನ್ನ ಮೈದುನನ ಹೆಂಡತಿ ನೀಲಾ ಮಾಡುವ ಶರಣು. ನಿನಗೆ ಓದಲು ಬರುತ್ತಿತ್ತು, ಓದುವ ಪುರುಸೊತ್ತು ಮಾತ್ರ ಎಂದೂ ಇರಲಿಲ್ಲ. ಈಗಲಾದರೂ ಇದ್ದೀತು ಅಂದುಕೊಂಡು ಬರೆಯುತ್ತಿದ್ದೇನೆ. ಇವೆಲ್ಲ ನಿನ್ನ ಎದುರಿಗೆ ಕೂತು, ಸೊಪ್ಪು ಸೋಸುತ್ತಾ ಹೇಳಬೇಕಾದ ಮಾತುಗಳು. ಬೇರೆ ಯಾರ ಮುಂದೆ ಹೇಳಲಿ? ಈ ಓಣಿಯಲ್ಲಿ ಒಬ್ಬರ ಕಿವಿಗೆ ಬಿದ್ದ ಮಾತು ವಾಡಿ ಸ್ಟೇಷನ್ನಿನವರೆಗೂ ಹೋಗಿ ಬರುತ್ತದೆ ಎನ್ನುವುದು ನಿನಗೆ ಗೊತ್ತಲ್ಲ.

ನಾನು ಸೇಡಂನಿಂದ ಮದುವೆಯಾಗಿ ಶಹಾಬಾದಿಗೆ ಬಂದ ಹೊಸದರಲ್ಲಿ ಮೊದಲ ಸಲ ಪುಂಡಿಪಲ್ಯ ಮಾಡಿದ್ದು ನೆನಪಿದೆಯಾ? ನಮ್ಮ ಕಡೆ ತೆಲುಗಿನ ಗಾಳಿ ಜಾಸ್ತಿ. ನಮ್ಮವ್ವ ಪುಂಡಿ ಸೊಪ್ಪಿಗೆ ಪುಂಟಿಕೂರ ಅನ್ನುತ್ತಿದ್ದಳು, ಅದಕ್ಕೆ ಒಂದು ಚೂರು ಹುಣಸೆಹಣ್ಣನ್ನೂ ಹಾಕುತ್ತಿದ್ದಳು. ನಾನೂ ಹಾಗೇ ಹಾಕಿದೆ. ನೀನು ಚಮಚದ ತುದಿಯಲ್ಲಿ ರುಚಿ ನೋಡಿ ಕಣ್ಣು ಕಿರಿದು ಮಾಡಿದೆ. "ಏ ಹುಡುಗಿ, ಪುಂಡಿನೇ ಹುಳಿ ಇರ್ತದ, ಅದಕ್ಕ ಮತ್ತ ಹುಣಸಿ ಯಾಕ ಹಾಕ್ದಿ?" ಅಂದೆ. ನೀನು ಚಿಮ್ಮನಚೋಡದವಳು. ತೊಗರಿ ಹೊಲದ ಬದುವಿನಲ್ಲಿ ಪುಂಡಿ ಕಿತ್ತು ಬೆಳೆದವಳಿಗೆ ನನ್ನ ಪಲ್ಯ ತಮಾಷೆಯಾಗಿ ಕಂಡಿತ್ತು. ನನಗೆ ಅಳು ಬಂದಿತ್ತು. ಅಷ್ಟರಲ್ಲಿ ಅತ್ತೆ ಪಡಸಾಲೆಯಿಂದಲೇ, "ಇರ್ಲಿ ಬಿಡು, ನನಗ ಹಾಕು. ನಾ ಉಣ್ತೀನಿ" ಅಂದರು. ಆ ಮನೆಯಲ್ಲಿ ಆಗ ಒಂದೇ ಒಲೆ, ಒಂದೇ ಪಾತ್ರೆ, ಎಲ್ಲರೂ ಸುತ್ತ ಕೂತು ಉಣ್ಣುವುದು. ಅಣ್ಣ ತಮ್ಮ ಒಂದೇ ತಾಟಿಗೆ ಕೈ ಹಾಕಿ ಹಸಿ ಉಳ್ಳಾಗಡ್ಡಿಗಾಗಿ ಜಗಳ ಆಡುತ್ತಿದ್ದರು. ನಗುತ್ತಾ ಆಡುವ ಜಗಳ ಅದು.

ಅತ್ತೆ ಹೋದ ದಿನ ನಾವಿಬ್ಬರೂ ಹಿಟ್ಟಿನ ಗಿರಣಿಯಲ್ಲಿದ್ದೆವು. ಭಾವನವರು ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗೆ ಹೋಗಿದ್ದರು. ಮನೆಯಲ್ಲಿದ್ದವರು ನಮ್ಮವರೊಬ್ಬರೇ. ರೈಲಿನ ಹೊತ್ತಾಗಿತ್ತು, ವಾಡಿಗೆ ಹೋಗುವ ಜನ ಇವರ ಟಂಟಂ ಆಟೋಗೆ ಸಿಗುವ ಹೊತ್ತು. ಅತ್ತೆ ತಲೆ ತಿರುಗುತ್ತದೆ ಅಂದರಂತೆ. ಇವರು ನೀರು ಕುಡಿಸಿ, "ಮಲ್ಕೋ ಯವ್ವಾ, ಒಂದ್ ಟ್ರಿಪ್ ಹೊಡದು ಬಂದು ದವಾಖಾನಿಗಿ ಒಯ್ತೀನಿ" ಅಂತ ಹೇಳಿ ಟಂಟಂ ತೆಗೆದುಕೊಂಡು ಹೋದರು. ನಾವು ಹಿಟ್ಟಿನ ಡಬ್ಬಿ ಹೊತ್ತು ಬಂದು ನೋಡಿದರೆ ಅತ್ತೆ ಬಚ್ಚಲಲ್ಲಿ ಬಿದ್ದಿದ್ದರು. ಮರುದಿನ ಮಣ್ಣು ಕೊಡುವ ಹೊತ್ತಿಗೆ, ನೆಂಟರಿಷ್ಟರೆಲ್ಲ ನಿಂತಿದ್ದಾಗ ಭಾವನವರು ತಮ್ಮನ ಮುಖಕ್ಕೆ ಮುಖ ಕೊಟ್ಟು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. "ಅವ್ವನ್ನ ನೀನೇ ಕೊಂದಿ ಬಸ್ಯಾ. ನಿನಗ ನಿನ್ನ ಟ್ರಿಪ್ಪೇ ಹೆಚ್ಚಾಯ್ತು." ಇವರು ಏನೂ ಅನ್ನಲಿಲ್ಲ. ಒಂದು ಮಾತು ತಿರುಗಿ ಅಂದಿದ್ದರೆ ಜಗಳವಾಗಿ ಅಲ್ಲಿಗೇ ಮುಗಿಯುತ್ತಿತ್ತೇನೋ. ಸುಮ್ಮನಿದ್ದುಬಿಟ್ಟರು. ಆ ಸುಮ್ಮನಿರುವುದೇ ಮುಂದೆ…

ಗೋಡೆ ಎದ್ದ ದಿನ ನೀನು ನಾನು ಅಂಗಳದಲ್ಲಿ ನಿಂತು ನೋಡಿದೆವು. ಗೋಡೆ ಅಂದರೆ ಎಂಥದು, ನಮ್ಮೂರ ಪರಸಿಕಲ್ಲು. ಕಾರ್ಖಾನೆಯಲ್ಲಿ ಮೂಲೆ ಒಡೆದು ಬಿಸಾಕಿದ ಚಪ್ಪಡಿಗಳನ್ನು ಭಾವನವರು ತಂದರು, ಇವರು ಗುಂಡಿ ತೋಡಿದರು. ಇಬ್ಬರೂ ಮಾತಿಲ್ಲದೆ ಕೂಡಿ ಮಾಡಿದ ಕೊನೆಯ ಕೆಲಸ ಅದು. ಕಲ್ಲುಗಳು ನಮ್ಮ ಕುತ್ತಿಗೆಯ ಎತ್ತರಕ್ಕೆ ಸಾಲಾಗಿ ನಿಂತವು. ಒರಳು ನಿಮ್ಮ ಕಡೆ ಉಳಿಯಿತು, ಬೀಸುಕಲ್ಲು ನಮ್ಮ ಕಡೆ. ಅಡುಗೆಮನೆ ಎರಡಾಯಿತು, ಖರ್ಚೂ ಎರಡಾಯಿತು. ಬರುವ ದುಡಿಮೆ ಮಾತ್ರ ಅಷ್ಟೇ ಇತ್ತು. ಒಂದೇ ಪಾತ್ರೆಯಲ್ಲಿ ಎಲ್ಲರಿಗೂ ಆಗುತ್ತಿದ್ದ ಪಲ್ಯ, ಬ್ಯಾಳಿ ಈಗ ಒಂದೊಂದು ಮನೆಗೆ ಬೇರೆ ಬೇರೆ ಆಗಬೇಕು ಅಂದರೆ ಹೇಗೆ? ಮೊದಲ ಕೆಲವು ದಿನ ನಾನು ರೊಟ್ಟಿ ಮಾಡಿ ಪಕ್ಕದಲ್ಲಿ ಕೆಂಪು ಖಾರ ಇಟ್ಟು, ಅದರ ಮೇಲೆ ಎರಡು ಹನಿ ಎಣ್ಣೆ ಬಿಟ್ಟು ಕೊಡುತ್ತಿದ್ದೆ. ನನ್ನ ಮಗಳು ಒಂದು ತುತ್ತು ತಿಂದು ನೀರು ಕುಡಿಯುತ್ತಿದ್ದಳು. ನಿಮ್ಮ ಕಡೆಯಿಂದ ಬಳ್ಳೊಳ್ಳಿ ಒಗ್ಗರಣೆಯ ವಾಸನೆ ಬಂದರೆ ಅವಳು ಆ ಕಡೆ ನೋಡುತ್ತಿದ್ದಳು, ನಾನು ನೆಲ ನೋಡುತ್ತಿದ್ದೆ.

ನೀನು ಮೊದಲ ಸಲ ಗೋಡೆಯ ಮೇಲಿಂದ ಕೈ ಚಾಚಿದಾಗ ನಾನು ಬಟ್ಟೆ ಒಣಹಾಕುತ್ತಿದ್ದೆ. "ನೀಲಾ… ಏ ನೀಲಾ. ತಗೋ. ಪಲ್ಯ ಭಾಳ ಆಗ್ಯದ" ಅಂದೆ. ಬಟ್ಟಲಿನಲ್ಲಿ ಮೂಲಂಗಿ ತಪ್ಪಲಿಗೆ ಹೆಸರುಬ್ಯಾಳಿ ಹಾಕಿ ಮಾಡಿದ ಪಲ್ಯ, ಇನ್ನೂ ಬಿಸಿ. ಭಾಳ ಆಗಿರಲಿಲ್ಲ ಅಂತ ನನಗೆ ಗೊತ್ತಿತ್ತು. ನಿನ್ನ ಪಾತ್ರೆಯ ಅಳತೆ ನನಗೆ ಗೊತ್ತಿಲ್ಲವೇ?

"ಅವರು ನೋಡಿದ್ರ ಅಕ್ಕಾ?" ಅಂದೆ.

"ನೋಡಾಕ ಅವರೇನು ಅಡಗಿಮನ್ಯಾಗ ಕುಂದ್ರತಾರೇನು? ತಗೋ ಮೊದಲ, ಕೈ ಸುಡಲಿಕತ್ತದ."

ಮರುದಿನ ಬಟ್ಟಲನ್ನು ಬರಿದಾಗಿ ಹೇಗೆ ಹಿಂದಿರುಗಿಸಲಿ ಅಂತ ನಾನು ತೊಗರಿಬ್ಯಾಳಿ ಸ್ವಲ್ಪ ಗಟ್ಟಿಯಾಗಿ ಮಾಡಿ ತುಂಬಿಕೊಟ್ಟೆ. ಹೀಗೆ ನಾಲ್ಕಾರು ದಿನ ಬಟ್ಟಲು ಅತ್ತಿತ್ತ ಓಡಾಡಿದ ಮೇಲೆ ನೀನೇ ದಾರಿ ಹುಡುಕಿದೆ. "ಇಬ್ಬರೂ ಎರಡೆರಡು ಯಾಕ ಮಾಡಬೇಕು? ಒಂದು ವಾರ ನೀ ಬ್ಯಾಳಿ ಮಾಡು, ನಾ ಪಲ್ಯ ಮಾಡ್ತೀನಿ. ಮುಂದಿನ ವಾರ ನೀ ಪಲ್ಯ, ನಾ ಬ್ಯಾಳಿ. ಸಿಲಿಂಡರೂ ಉಳೀತದ." ಎಷ್ಟು ಸರಳವಾಗಿ ಅಂದುಬಿಟ್ಟೆ! ಗಂಡಸರು ಕಲ್ಲು ನಿಲ್ಲಿಸಿ ಬೇರೆ ಮಾಡಿದ ಮನೆಯನ್ನು ನೀನು ಒಂದು ಬಟ್ಟಲಿನಲ್ಲಿ…

ಹೆಚ್ಚು ಕಡಿಮೆ ಎಲ್ಲವನ್ನೂ ನಾವು ಹಾಗೇ ಹಂಚಿಕೊಂಡೆವು. ಚಟ್ನಿಪುಡಿಯಲ್ಲೂ ಪಾಲು, ನೀನು ಶೇಂಗಾಹಿಂಡಿ ಕುಟ್ಟಿದರೆ ನಾನು ಅಗಸೆಹಿಂಡಿ. ನಾನು ಗುರೆಳ್ಳು ಹುರಿದರೆ ನೀನು ಒರಳಲ್ಲಿ ಕುಟ್ಟಿ ಅರ್ಧ ಕಳಿಸುತ್ತಿದ್ದೆ. ಹೀರೆಕಾಯಿ ತಂದ ದಿನ ತಿರುಳಿನ ಪಲ್ಯ ಒಂದು ಮನೆಯಲ್ಲಿ, ಸಿಪ್ಪೆಯ ಚಟ್ನಿ ಇನ್ನೊಂದು ಮನೆಯಲ್ಲಿ. ಉಳ್ಳಾಗಡ್ಡಿ ತಪ್ಪಲಿಗೆ ಒಂದು ಹಿಡಿ ಕಡಲೆಹಿಟ್ಟು ಉದುರಿಸಿ ಝುಣಕ ಮಾಡಿದರೆ ಎರಡು ಮನೆಯ ರೊಟ್ಟಿಗೂ ಸಾಕಾಗುತ್ತಿತ್ತು. ಪುಂಡಿಪಲ್ಯದಲ್ಲಿ ಬ್ಯಾಳಿ ಕಡಿಮೆ ಮಾಡಿ ಜೋಳದ ನುಚ್ಚು ಜಾಸ್ತಿ ಮಾಡುವುದನ್ನು ನೀನು ಕಲಿಸಿದೆ. ಬ್ಯಾಳಿ ಕಡಿಮೆಯಾಗಿದ್ದು ಯಾರಿಗೂ ತಿಳಿಯಬಾರದು ಅಂತ ನೀನು ಬಳ್ಳೊಳ್ಳಿಯನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು ಮೇಲೆ ಹಾಕುತ್ತಿದ್ದೆ. "ವಾಸನಿಗೇ ಅರ್ಧ ಹೊಟ್ಟಿ ತುಂಬ್ತದ" ಅನ್ನುತ್ತಿದ್ದೆ. ನನ್ನ ಪಾಳಿ ಬಂದಾಗ ಮಾತ್ರ ಗೋಡೆಯಾಚೆಯಿಂದ ನಿನ್ನ ಎಚ್ಚರಿಕೆ: "ಹುಣಸಿ ಹಾಕಬ್ಯಾಡ ಮಾರಾಯ್ತಿ, ಗುರ್ತು ಹಿಡೀತಾರ." ನಾನು ಹೂಂ ಅನ್ನುತ್ತಿದ್ದೆ. ಕೈ ಕೇಳುತ್ತಿರಲಿಲ್ಲ.

ಮಳೆಗಾಲದಲ್ಲಿ ಗಣಿಗಳಲ್ಲಿ ನೀರು ನಿಂತು ಕೆಲಸ ನಿಂತಾಗ ನಾವಿಬ್ಬರೂ ಕಾಗಿಣಾ ದಂಡೆಯ ಹೊಲಗಳಿಗೆ ಹೋಗುತ್ತಿದ್ದೆವಲ್ಲ, ಆ ದಿನಗಳು ನನಗೆ ಈಗ ಕಣ್ಣಿಗೆ ಕಟ್ಟಿದ ಹಾಗಿವೆ. ಬೇರೆ ಬೇರೆ ಬಾಗಿಲಿನಿಂದ ಹೊರಟು ದಾರಿಯಲ್ಲಿ ಕೂಡುತ್ತಿದ್ದೆವು. ಕದ್ದು ಭೇಟಿಯಾಗುವ ಹುಡುಗಿಯರ ಹಾಗೆ. ನೀನು ಬಗ್ಗಿ ನೆಲ ನೋಡುತ್ತಾ ನಡೆಯುತ್ತಿದ್ದೆ, ಇದು ಗೋಳಿ, ಇದು ಹತ್ತರಕಿ, ಇದನ್ನ ಮುಟ್ಟಬ್ಯಾಡ, ಇದು ದನಾನೂ ತಿನ್ನಂಗಿಲ್ಲ ಅಂತ. ಸೆರಗಿನ ತುಂಬ ಸೊಪ್ಪು ತಂದು ಎರಡು ಪಾಲು ಮಾಡುತ್ತಿದ್ದೆವು. ಸಂತೆ ಮುಗಿಯುವ ಹೊತ್ತಿಗೆ ರಾಶಿಯಲ್ಲಿ ಉಳಿದ ಟೊಮ್ಯಾಟೊ ತಂದು ನೀನು ಮಾಳಿಗೆಯ ಕಾದ ಪರಸಿಯ ಮೇಲೆ ಹೋಳು ಮಾಡಿ ಒಣಗಿಸಿದ್ದೂ ನೆನಪಿದೆ. ಬೇಸಿಗೆಯೆಲ್ಲಾ ಅದನ್ನೇ ಬ್ಯಾಳಿಗೆ ಹಾಕಿದೆವು. ಒಂದು ಸಲ ದಂಡೆಯ ಮೇಲೆ ಕೂತಾಗ ನೀನು ಅಂದೆ, "ಇವರಿಬ್ಬರೂ ಒಂದಿನ ಮಾತಾಡ್ತಾರ ನೋಡು. ಅಣ್ತಮ್ಮರ ರಕ್ತ ಅದು, ಎಷ್ಟ್ ದಿನ ಅಂತ…" ನಿನ್ನ ದನಿಯಲ್ಲಿ ನಂಬಿಕೆ ಇತ್ತು. ನಾನೂ ನಂಬಿದ್ದೆ.

ಇವರು ಒಂದು ಸಲ ಊಟಕ್ಕೆ ಕೂತು, ಝುಣಕ ಬಾಯಿಗೆ ಹಾಕಿಕೊಂಡು, "ಇವತ್ತ ಝುಣಕ ಭಾಳ ಛಲೋ ಆಗ್ಯದಲ್ಲ! ನಮ್ಮ ವೈನಿ ಮಾಡಿದಂಗ…" ಅಂತ ಅತ್ತಿಗೆಯ ನೆನಪು ತೆಗೆದು ಗಪ್ಪನೆ ನಿಂತುಬಿಟ್ಟರು. ನಾನು ತಿರುಗಿ ನೋಡದೆ ತವೆಯ ಮೇಲಿನ ರೊಟ್ಟಿ ತಿರುವುತ್ತಿದ್ದೆ. ಅವರು ತಾಟು ನೋಡಿದರು, ನನ್ನ ಬೆನ್ನು ನೋಡಿದರೋ ಏನೋ. ಆಮೇಲೆ ಏನೂ ಕೇಳದೆ ಪೂರ್ತಿ ಉಂಡು ಎದ್ದರು. ಮರುದಿನ ನಿನಗೆ ಹೇಳಿದಾಗ ನೀನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕೆ. ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ, ಅದನ್ನು ನಾನು ನೋಡಿದೆ ಅಕ್ಕ.

ಎದೆ ಉರಿಯುತ್ತದೆ ಅಂತ ನೀನು ಹೇಳತೊಡಗಿದಾಗ ನಾವು ಖಾರ ಜಾಸ್ತಿಯಾಯಿತು ಅಂದುಕೊಂಡೆವು. ನೀನು ಮಜ್ಜಿಗೆ ಕುಡಿದೆ, ಜೀರಿಗೆ ಜಗಿದೆ, ಹಿಂಡಿ ಬಿಟ್ಟೆ. "ಗ್ಯಾಸ್ ಆಗ್ಯದ, ಹೋಗ್ತದ ಬಿಡು" ಅಂದೆ. ಆ ಮಧ್ಯಾಹ್ನ ನಿಮ್ಮ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು ಕೇಳಿತು. ಕರೆದೆ, ನೀನು ಓಗೊಡಲಿಲ್ಲ. ಬೀದಿ ಸುತ್ತಿ ನಿಮ್ಮ ಬಾಗಿಲಿಗೆ ಓಡಿ ಬಂದೆ. ನೀನು ಗೋಡೆಗೆ ಒರಗಿ ಕೂತಿದ್ದೆ, ಮೈಯೆಲ್ಲ ಬೆವರು. "ಎದಿ ಒತ್ತಲಿಕತ್ತದ ನೀಲಾ" ಅಂದೆ. ಊಟಕ್ಕೆ ಬಂದಿದ್ದ ಭಾವನವರು ಫೋನು ಹಿಡಿದು ಅಂಬುಲೆನ್ಸಿಗೆ ಕರೆ ಮಾಡುತ್ತಿದ್ದರು, ಕಲ್ಲಿನ ಧೂಳು ಇನ್ನೂ ಅವರ ಹುಬ್ಬಿನ ಮೇಲಿತ್ತು. ನಾನು ಕೂಗಿದ್ದು ಕೇಳಿ ನಮ್ಮವರೂ ಓಡಿ ಬಂದರು. ಗೋಡೆ ಎದ್ದ ಮೇಲೆ ಅವರು ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಕೈಯಲ್ಲಿ ಟಂಟಂನ ಕೀಲಿ.

"ವೈನಿನ ಎತ್ರಿ, ಗಾಡಿ ಬಾಗಿಲಾಗೇ ಅದ" ಅಂದರು.

ಭಾವನವರು ತಿರುಗಿ ನೋಡಲಿಲ್ಲ. "ಬ್ಯಾಡ. ಅಂಬುಲೆನ್ಸ್ ಬರ್ಲಿಕತ್ತದ."

"ಅಣ್ಣಾ, ಅದು ಬರೋತನಕ ನಾವು ಅರ್ಧ ದಾರಿ ಹೋಗಿರ್ತೀವಿ…"

"ಅವನ ಗಾಡಿ ಬ್ಯಾಡ ಅಂದೆ!" ಭಾವನವರು ನನಗೆ ಹೇಳುವಂತೆ ಕೂಗಿದರು. ಆಮೇಲೆ ತಮ್ಮನ ಕಡೆ ತಿರುಗಿದರು. "ಅವ್ವಗ ಮಾಡಿದಂಗ ಇಕಿಗೂ ಮಾಡ್ತಿಯೇನು?"

ನಾನು ಕೈ ಮುಗಿದೆ. "ಭಾವ, ನಿಮ್ಮ ಕಾಲಿಗಿ ಬೀಳ್ತೀನ್ರಿ, ಈಗ ಅದೆಲ್ಲಾ ಬ್ಯಾಡ್ರಿ" ಅಂದೆ. ಅಷ್ಟು ವರ್ಷದಲ್ಲಿ ಅವರೆದುರು ನಾನು ದನಿ ಎತ್ತಿದ್ದು ಅಂದೇ. ಅವರು ಬೀದಿಯ ಕಡೆಗೇ ನೋಡುತ್ತಾ ನಿಂತರು. ನೀನು ನನ್ನ ಕೈ ಹಿಡಿದು ಒಲೆಯ ಕಡೆ ಕಣ್ಣು ತಿರುಗಿಸಿದೆ. "ಬ್ಯಾಳಿ ಉಕ್ಕಲಿಕತ್ತದ ನೋಡು…" ಅಂದೆ. ನಾನು ಎದ್ದು ಆರಿಸಿದೆ. ನೀನು ಆ ಗಂಡಸರ ಮಾತು ಕೇಳಿದೆಯಾ ಅಕ್ಕ? ಕೇಳಿಯೂ ಬ್ಯಾಳಿಯ ಮಾತು ಆಡಿದೆಯಾ? ಇಷ್ಟು ದಿನವಾದರೂ ನನಗೆ ಗೊತ್ತಾಗಿಲ್ಲ.

ಅಂಬುಲೆನ್ಸ್ ಬೇರೆ ಯಾರನ್ನೋ ಬಿಟ್ಟು ಬರಬೇಕಿತ್ತಂತೆ. ಅದರವರ ತಪ್ಪೇನೂ ಇಲ್ಲ, ಬಂದವರು ಪಾಪ ಓಡೋಡಿ ನಿನ್ನನ್ನು ಎತ್ತಿಕೊಂಡರು. ನಾನು ನಿನ್ನ ತಲೆ ಹಿಡಿದು ಕೂತೆ. ಊರು ದಾಟಿ ಕಲಬುರಗಿ ರಸ್ತೆ ಹಿಡಿದ ಮೇಲೆ ನನ್ನ ಕೈಯೊಳಗಿನ ನಿನ್ನ ಕೈ ಸಡಿಲವಾಯಿತು. ಭಾವನವರು "ಶಾಂತಾ, ಶಾಂತಾ" ಅನ್ನುತ್ತಲೇ ಇದ್ದರು. ಎಲ್ಲರೆದುರು ಅವರು ನಿನ್ನ ಹೆಸರು ಹಿಡಿದು ಕರೆದದ್ದನ್ನು ನಾನು ಅಂದೇ ಕೇಳಿದ್ದು. ದವಾಖಾನೆಯಲ್ಲಿ ಡಾಕ್ಟರು ನಿನ್ನ ಕಣ್ಣರೆಪ್ಪೆ ಎತ್ತಿ ನೋಡಿ, ಮೆಲ್ಲಗೆ ಕೆಳಗೆ ಬಿಟ್ಟರು. ಸ್ವಲ್ಪ ಮೊದಲೇ ಬಂದಿದ್ದರೆ ಉಳಿಯುತ್ತಿದ್ದೆಯಾ? ನಾನು ಕೇಳಲಿಲ್ಲ. ಕೇಳಿದರೆ ಅವರು ಉತ್ತರ ಹೇಳಿಬಿಡುತ್ತಾರೆ ಅನ್ನುವ ಹೆದರಿಕೆ.

ನಿನ್ನನ್ನು ವಿಭೂತಿ ಹಚ್ಚಿ ಕೂರಿಸಿದ ದಿನ ಇಡೀ ಓಣಿ ನಮ್ಮವರ ಬಾಯಿಯನ್ನೇ ನೋಡುತ್ತಿತ್ತು. ಅಂದು ಅಣ್ಣ ಅಂದ ಮಾತನ್ನು ಇಂದು ತಮ್ಮ ತಿರುಗಿ ಅಂದೇ ಅನ್ನುತ್ತಾನೆ ಅಂತ ಅವರಿಗೆಲ್ಲ ಅನ್ನಿಸಿತ್ತೋ ಏನೋ. ಒಳಗೆ ನಡೆದದ್ದು ನಮ್ಮ ಮೂವರ ಹೊರತು ಯಾರಿಗೂ ಗೊತ್ತಿಲ್ಲ. ಆದರೆ ಗಾಡಿ ಬಾಗಿಲಲ್ಲಿ ನಿಂತಿದ್ದನ್ನು ಓಣಿ ನೋಡಿತ್ತಲ್ಲ. ಭಾವನವರು ತಲೆ ತಗ್ಗಿಸಿ, ಬರುವ ಏಟಿಗೆ ಬೆನ್ನು ಕೊಟ್ಟವರಂತೆ ನಿಂತಿದ್ದರು. ಇವರು ಹತ್ತಿರ ಹೋದರು. ಬಗ್ಗಿ, ಒಂದು ಹಿಡಿ ಮಣ್ಣು ತೆಗೆದುಕೊಂಡು, ನಿನ್ನ ಮೇಲೆ ಹಾಕಿ, ಕೈ ಮುಗಿದು ಹಿಂದೆ ಸರಿದರು. ಅಷ್ಟೇ. ಮನೆಗೆ ಬಂದು ಬಾಗಿಲ ಹತ್ತಿರ ಕೂತು, "ಅಂದಿದ್ರ ಅಣ್ಣ ಅಲ್ಲೇ ಸಾಯ್ತಿದ್ದ" ಅಂದರು. ಮತ್ತೆ ಆ ವಿಷಯ ಎತ್ತಲಿಲ್ಲ.

ನಿನ್ನ ಮಗಳು ಸವಿತಾ ದಿನಕರ್ಮ ಮುಗಿಸಿ ಸುಲೇಪೇಟಕ್ಕೆ ಗಂಡನ ಮನೆಗೆ ಹೊರಟ ಮೇಲೆ ಭಾವನವರು ಒಬ್ಬರೇ ಆದರು. ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ಮುದುಕಿಯ ಹತ್ತಿರ ರೊಟ್ಟಿ ತರುತ್ತಿದ್ದರು. ಪಕ್ಕಕ್ಕೆ ಅಂಗಡಿಯ ಉಪ್ಪಿನಕಾಯಿ ಪಾಕೀಟು, ಇಲ್ಲವೇ ಬರೀ ಉಪ್ಪು, ಉಳ್ಳಾಗಡ್ಡಿ. ಅದನ್ನು ಗೋಡೆಯ ಮೇಲಿಂದ ದಿನಾ ನೋಡುತ್ತಿದ್ದೆ. ಅವರ ಮೇಲೆ ಸಿಟ್ಟಿರಲಿಲ್ಲವೇ ಅಂತ ಕೇಳಬೇಡ. ಇತ್ತು, ಈಗಲೂ ಇದೆ. ಆದರೂ ಬಟ್ಟಲಿಗೆ ಪುಂಡಿಪಲ್ಯ ಹಾಕಿ ಗೋಡೆಯ ಮೇಲೆ ಇಟ್ಟೆ. ಸಂಜೆ ನೋಡಿದರೆ ಇಟ್ಟಲ್ಲೇ ಇತ್ತು, ಇರುವೆಗಳು ಮುತ್ತಿದ್ದವು. ಮರುದಿನ ಇಟ್ಟೆ, ಅದೂ ಹಾಗೇ. ಅದರ ಮರುದಿನ ನಾನು ಇಡುವ ಹೊತ್ತಿಗೆ ಅವರು ಗೋಡೆಯ ಆಚೆ ನಿಂತಿದ್ದರು.

"ಯವ್ವಾ, ಇಡಬ್ಯಾಡ" ಅಂದರು.

"ಯಾಕ್ರಿ ಭಾವ? ಅಕ್ಕ ಇದ್ದಾಗ…" ಅಂದವಳು ನಾಲಿಗೆ ಕಚ್ಚಿಕೊಂಡೆ.

"ಗೊತ್ತಿತ್ತವ್ವಾ ನನಗ. ಮೊದಲಿಂದಲೂ ಗೊತ್ತಿತ್ತು. ಪುಂಡಿಗಿ ಹುಣಸಿ ಹಾಕಾಕಿ ಈ ಮನ್ಯಾಗ ನೀ ಒಬ್ಬಾಕಿನೇ." ಅವರ ದನಿ ಕಲ್ಲು ಕೊರೆಯುವ ಹಾಗಿತ್ತು. "ಅಂವ ದುಡದು ತಂದ ಬ್ಯಾಳಿ ಇಷ್ಟ್ ವರ್ಷ ಉಂಡೀನಿ. ಉಂಡು ಗಪ್ ಇದ್ದೆ. ಅವತ್ತ ಮಾತ್ರ ಅವನ ಗಾಡಿ ಬ್ಯಾಡ ಅಂದೆ. ಈಗ ಯಾವ ಮಾರಿಲೆ ಉಣ್ಣಲಿ ಹೇಳು?"

ಬಟ್ಟಲು ಹಿಡಿದುಕೊಂಡು ಒಳಗೆ ಬಂದೆ. ಅಕ್ಕ, ನೀನು ಕೊನೆಯ ತನಕ ಮುಚ್ಚಿಟ್ಟೆ ಅಂದುಕೊಂಡಿದ್ದೆ. ಆಚೆ ಮನೆಯಲ್ಲಿ ಗೊತ್ತಿತ್ತು, ಈಚೆ ಮನೆಯಲ್ಲೂ ಗೊತ್ತಿತ್ತು. ಇಬ್ಬರಿಗೂ ಗೊತ್ತಿದ್ದೂ ಇಬ್ಬರೂ ಸುಮ್ಮನೆ ಉಂಡರು. ಹಾಗಿದ್ದರೆ ಆ ಕಲ್ಲು ಯಾಕೆ ನಿಂತಿತ್ತು? ಯಾರಾದರೂ ಒಬ್ಬರು, ಯಾವತ್ತಾದರೂ ಒಂದು ದಿನ, ಪಲ್ಯ ಚೆನ್ನಾಗಿದೆ ಅಂತ ಗೋಡೆಯಾಚೆಗೆ ಕೂಗಿ ಹೇಳಿದ್ದರೆ…

ನಿನ್ನ ವರ್ಷದ ಕಾರ್ಯಕ್ಕೆ ಸವಿತಾ ಬಂದಾಗ ಅವಳ ಮುಖ ನೋಡಿಯೇ ನನಗೆ ತಿಳಿಯಿತು. ಹೌದು ಅಕ್ಕ, ನಿನ್ನ ಮಗಳು ಬಸುರಿ. ನಿನಗೆ ಹೇಳಬೇಕು ಅಂತ ಅವಳು ಮಣ್ಣು ಕೊಟ್ಟ ಜಾಗದಲ್ಲಿ ತುಂಬಾ ಹೊತ್ತು ಕೂತಿದ್ದಳು, ನಿನಗೆ ಕೇಳಿಸಿತೋ ಇಲ್ಲವೋ. ಮನೆಗೆ ಬಂದು ನಮ್ಮ ಕಟ್ಟೆಯ ಮೇಲೆ ನನ್ನ ಪಕ್ಕ ಕೂತು ಕೇಳಿದಳು. ಭಾವನವರು ನಿಮ್ಮ ಕಟ್ಟೆಯ ಮೇಲೆ, ಕಿವಿಗೆ ಬೀಳುವಷ್ಟು ಹತ್ತಿರದಲ್ಲೇ ಇದ್ದರು.

"ಚಿಗವ್ವಾ, ಅವತ್ತ ಕಾಕಾನ ಗಾಡಿ ಬಾಗಿಲಾಗೇ ಇತ್ತಂತಲ್ಲ. ಮತ್ತ ಅಂಬುಲೆನ್ಸ್ ದಾರಿ ಯಾಕ ಕಾಯ್ದ್ರಿ?"

ನಿಜ ಹೇಳಿದರೆ ಅವಳಿಗೆ ತಾಯಿಯ ಹಿಂದೆ ತಂದೆಯೂ ಹೋದಂತೆಯೇ. ಸುಳ್ಳು ಹೇಳಿದರೆ ಎಂಥ ಸುಳ್ಳು ಹೇಳಲಿ? ನಾನು ತಡವರಿಸುವಷ್ಟರಲ್ಲಿ ಒಳಗಿನಿಂದ ಇವರು ಬಂದು ಬಾಗಿಲಲ್ಲಿ ನಿಂತರು.

"ಗಾಡಿ ಚಾಲೂ ಆಗಲಿಲ್ಲವ್ವಾ" ಅಂದರು. "ಬ್ಯಾಟ್ರಿ ಬಿದ್ದಿತ್ತು. ಹೊಸಾದು ಹಾಕಸಬೇಕಂತ ಎಷ್ಟೋ ದಿನದಿಂದ ಅಂದಿದ್ದೆ. ಹಾಕಸಲಿಲ್ಲ."

ಸವಿತಾ ಅವರನ್ನೇ ನೋಡಿದಳು. ಅವಳ ಕಣ್ಣುಗಳು ನಿಧಾನಕ್ಕೆ ತುಂಬಿ, ಆಮೇಲೆ ಗಟ್ಟಿಯಾದವು. "ಅಜ್ಜಿಗೂ ಹಿಂಗೇ ಆಗಿತ್ತಂತಲ್ಲ ಕಾಕಾ" ಅಂದಳು. ಇವರು ತಲೆ ಆಡಿಸಿದರು, ಹೌದು ಅನ್ನುವ ಹಾಗೆ. ನಾನು ಭಾವನವರ ಕಡೆ ನೋಡಿದೆ. ಅವರ ತುಟಿ ಅಲುಗಿತು. ಈಗ ಹೇಳುತ್ತಾರೆ, ಈಗ ಎದ್ದು ಬಂದು ಹೇಳಿಯೇ ಹೇಳುತ್ತಾರೆ ಅಂದುಕೊಂಡೆ. ಅವರು ಎದ್ದರು, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಮರುದಿನ ಸವಿತಾ ಊರಿಗೆ ಹೊರಟಾಗ ನನ್ನ ಕಾಲಿಗೆ ಬಿದ್ದಳು, ಅಪ್ಪನ ಕಾಲಿಗೆ ಬಿದ್ದಳು. ಕಾಕಾನ ಎದುರಿನಿಂದ ಹಾಗೇ ದಾಟಿ ಹೋದಳು. ನಾನು ಇವರ ಮೇಲೆ ರೇಗಿದೆ. "ಹೊರೋದೆಲ್ಲಾ ನೀವೇ ಯಾಕ ಹೊರಬೇಕ್ರಿ?" ಅಂದೆ. "ನನಗ ರೂಢಿ ಆಗ್ಯದ. ಅವನಿಗಿ ಆಗಲ್ಲ" ಅಂದರು.

ಮೊನ್ನೆ ಸವಿತಾ ಫೋನು ಮಾಡಿದ್ದಳು. ಅವಳ ಸೀಮಂತದ ಕುಬಸ ಇಟ್ಟುಕೊಂಡಿದ್ದಾರೆ. ತವರಿನ ಬುತ್ತಿ ಹೋಗಬೇಕು. ನೀನಿದ್ದರೆ ಹಿಂದಿನ ವಾರದಿಂದಲೇ ಮನೆ ಎಳ್ಳು ಹುರಿದ ವಾಸನೆಯಿಂದ ತುಂಬಿರುತ್ತಿತ್ತು. "ಚಿಗವ್ವಾ, ನೀ ಬಾ. ಅಪ್ಪನ್ನೂ ಕರ್ಕೊಂಡು ಬಾ" ಅಂದಳು. ಆಮೇಲೆ, "ಕಾಕಾ ಬರೋದು ಬ್ಯಾಡ" ಅಂದಳು. ಫೋನಿನ ದನಿ ದೊಡ್ಡದು, ಪಕ್ಕದಲ್ಲಿ ಕೂತಿದ್ದ ಇವರಿಗೆ ಕೇಳಿಸಿತು. ಚಹಾದ ಕಪ್ಪು ಕೆಳಗಿಟ್ಟು, ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಎಲ್ಲಿಗೆ ಹೋದರೋ ಅಂತ ನಾನು ಕಂಗಾಲಾಗಿ ಕೂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಹೆಗಲ ಮೇಲೆ ಒಂದು ಚೀಲ ಸಿಪ್ಪೆಶೇಂಗಾ ಹೊತ್ತು ಬಂದರು. "ಸುಲದಿದ್ದು ತುಟ್ಟಿ ಆಗ್ತದ. ನಾವೇ ಸುಲಿಯೋಣ. ಸವಿತಾ ಕೂಸಿಗಿ ಶೇಂಗಾಹಿಂಡಿ ಅಂದ್ರ ಜೀವ" ಅಂದರು.

ಇವತ್ತು ಬೆಳಗ್ಗೆಯಿಂದ ಅವರು ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ನಾನು ಒಳಗೆ ಬಾಣಲೆ ತೊಳೆಯುತ್ತಿದ್ದೆ. ಬೀದಿ ಬಾಗಿಲು ಸರಿದ ಸದ್ದಾಯಿತು. ನೋಡಿದರೆ ಭಾವನವರು. ಗೋಡೆ ಎದ್ದ ಮೇಲೆ ಅವರು ನಮ್ಮ ಅಂಗಳಕ್ಕೆ ಕಾಲಿಟ್ಟಿದ್ದು ಇದೇ ಮೊದಲು. ನಿಂತರು. ಇವರು ತಲೆ ಎತ್ತಿ ನೋಡಿದರು, ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಕೂತಿದ್ದ ಚಾಪೆಯ ಮೇಲೆ ಸ್ವಲ್ಪ ಸರಿದರು. ಭಾವನವರು ಬಂದು ಕೂತರು. ಒಂದು ಹಿಡಿ ಶೇಂಗಾ ತಮ್ಮ ಕಡೆ ಎಳೆದುಕೊಂಡರು. ಆಗಿನಿಂದ ಇಬ್ಬರೂ ಒಂದು ಮಾತಿಲ್ಲದೆ ಸುಲಿಯುತ್ತಾ ಕೂತಿದ್ದಾರೆ. ನಾನು ಇದನ್ನು ಬರೆಯುವಾಗಲೂ ಸಿಪ್ಪೆ ಒಡೆಯುವ ಸದ್ದು ಕೇಳುತ್ತಿದೆ. ಭಾವನವರು ಸವಿತಾಗೆ ನಿಜ ಹೇಳುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಹೇಳುವುದಿದ್ದರೆ ಅವರೇ ಹೇಳಬೇಕು. ನನ್ನ ಬಾಯಿಂದ ಆ ಮಾತು ಬರುವುದಿಲ್ಲ ಅಂತ ನಿನಗೆ ಮಾತು ಕೊಡುತ್ತೇನೆ.

ನಾಳೆ ಚಿಂಚೋಳಿ ಬಸ್ಸಿಗೆ ಭಾವನವರ ಜೊತೆ ನಾನು ಹೋಗುತ್ತೇನೆ, ಸುಲೇಪೇಟದಲ್ಲಿ ಇಳಿಯುತ್ತೇವೆ. ಇವರು ಬಸ್ ಸ್ಟ್ಯಾಂಡಿನ ತನಕ ಬುತ್ತಿ ಮುಟ್ಟಿಸಿ ಹಿಂದಿರುಗುತ್ತಾರೆ. ನಿನ್ನ ಮಗಳು ಹಿಂಡಿಯ ಡಬ್ಬಿ ತೆರೆದು, ಯಾರು ಸುಲಿದ ಶೇಂಗಾ ಅಂತ ತಿಳಿಯದೆ, ಬಿಸಿ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಾಳೆ. ತಿನ್ನಲಿ ಅಕ್ಕ.

ನಿನ್ನ
ನೀಲಾ